ಕಲೆ ಒಳಗಿನದೋ ಹೊರಗಿನದೋ

ಹೊಂಗಡಹಳ್ಳ
೧೮ ನವೆಂಬರ್ ೨೦೨೪

ಅತ್ತಿಗೆಯವರಿಗೆ ಗಂಗಾಮಣಿಯ ನಮಸ್ಕಾರ.

ಈ ಕಾಲದಲ್ಲಿ ಕಾಗದ ಬರೆದಳಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನಮ್ಮ ಎಸ್ಟೇಟ್ ಕ್ವಾರ್ಟರ್ಸಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಫೋನು ಮಾಡಬೇಕೆಂದರೆ ಬಿಸಿಲೆ ರಸ್ತೆಯ ತಿರುವಿಗೆ ಹೋಗಬೇಕು, ಅಲ್ಲಿ ಯಾವಾಗಲೂ ಯಾರಾದರೂ ನಿಂತಿರುತ್ತಾರೆ. ನಾನು ಹೇಳಬೇಕಾದದ್ದು ಬೇರೆಯವರ ಕಿವಿಗೆ ಬೀಳುವಂಥದ್ದಲ್ಲ.

ನಿಮ್ಮ ತಮ್ಮನ ವಿಚಾರ. ದಸರಾ ಹಿಂದುಮುಂದಿನಿಂದ ಇವರ ನಡತೆ ಬದಲಾಗಿದೆ. ಗುರುವಾರ ಬಂತೆಂದರೆ ಹಾಸನಕ್ಕೆ ಹೊರಡುತ್ತಾರೆ. ಕೇಳಿದರೆ ಎಸ್ಟೇಟಿನ ಆಡಿಟ್ ಕೆಲಸ, ಲೆಕ್ಕ ಬರೆಯುವ ರೈಟರ್ ತಾನಿಲ್ಲದೆ ಆಗುವುದಿಲ್ಲ ಎನ್ನುತ್ತಾರೆ. ಜೀಪಿನ ಗಿಡ್ಡಯ್ಯನನ್ನು ಸುಮ್ಮನೆ ಬಾಯಿ ಬಿಡಿಸಿದೆ. ಅಂಥ ಕೆಲಸವೇ ಇಲ್ಲವಂತೆ. ರಜೆ ಬರೆದುಕೊಟ್ಟು ಹೋಗುತ್ತಾರಂತೆ.

ಇನ್ನೊಂದು. ಕೆಲಸದಿಂದ ಬಂದರೆ ಮೈಮೇಲೆ ಒಂದು ಟವೆಲ್ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದ ಮನುಷ್ಯ ಈಗ ಸ್ನಾನ ಮಾಡಿ ಬರುವಾಗಲೇ ಬನಿಯನ್ ಹಾಕಿಕೊಂಡು ಬರುತ್ತಾರೆ. ದೀಪಾವಳಿಗೆ ಎಣ್ಣೆ ಹಚ್ಚಲು ಹೋದರೆ ನನ್ನ ಕೈ ತಳ್ಳಿದರು. ಬನಿಯನ್ನನ್ನು ತಾವೇ ಒಗೆದುಕೊಳ್ಳುತ್ತಾರೆ. ಇಪ್ಪತ್ತೈದು ವರ್ಷದಲ್ಲಿ ಒಂದು ಕರವಸ್ತ್ರ ಒಗೆದವರಲ್ಲ. ಮೊನ್ನೆ ನೆನೆಹಾಕಿದ ಬಕೆಟ್ಟಿಗೆ ಕೈ ಹಾಕಿ ನೋಡಿದೆ. ಎಡ ಎದೆಯ ಜಾಗದಲ್ಲಿ ಕೆಂಪು ಕಲೆ. ಕುಂಕುಮವೋ, ತುಟಿಗೆ ಹಚ್ಚುವ ಬಣ್ಣವೋ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಫೋನಿನಲ್ಲಿ ‘ನಯನಾ ಹಾಸನ’ ಎಂದು ಒಂದು ಹೆಸರು. ಇವರು ತಿರುವಿಗೆ ಹೋದಾಗಲೆಲ್ಲ ಆ ಹೆಸರಿನಿಂದ ಕರೆ ಬಂದಿರುತ್ತದೆ.

ದೀಪಶ್ರೀಗೆ ಕುಂದೂರಿನ ನಟರಾಜಣ್ಣನವರ ಮಗ ಅಭಿಲಾಷ್ ಒಪ್ಪಿಗೆಯಾಗಿರುವುದು ನಿಮಗೆ ಗೊತ್ತು. ಹುಡುಗ ಆಲೂರಿನ ಸಹಕಾರಿ ಬ್ಯಾಂಕಿನಲ್ಲಿದ್ದಾನೆ. ಮೇ ತಿಂಗಳಲ್ಲಿ ಮದುವೆ. ಮಗಳಿಗೆ ಗಂಡು ಹುಡುಕಿದ ವರ್ಷವೇ ಅಪ್ಪನಿಗೆ ಈ ಬುದ್ಧಿ ಬರಬೇಕೆ?

ಇವರು ಹೆದರುವುದು ನಿಮ್ಮೊಬ್ಬರಿಗೇ. ನನ್ನನ್ನು ನೀವು ದೂರ ಇಟ್ಟು ಆರು ವರ್ಷವಾಯಿತು. ಅದಕ್ಕೂ ಮೊದಲು ನಿಮ್ಮ ರವಿಕೆಯೆಲ್ಲ ನಾನೇ ಹೊಲಿದು ಕಳಿಸುತ್ತಿದ್ದೆ. ಆಮೇಲೆ ನಿಮಗೆ ನನ್ನ ಕೈಹೊಲಿಗೆ ಬೇಡವಾಯಿತು. ಇರಲಿ. ಆದರೂ ಕೇಳುತ್ತಿದ್ದೇನೆ, ತಮ್ಮನಿಗೆ ಬುದ್ಧಿ ಹೇಳಿ.

ಇಂತಿ,
ಗಂಗಾಮಣಿ


ಹುಬ್ಬಳ್ಳಿ
೨೭ ನವೆಂಬರ್ ೨೦೨೪

ಗಂಗಾ,

ಕಾಗದ ಸಿಕ್ಕಿತು. ಎರಡು ಸಲ ಓದಿದೆ. ನಾನೂ ಬರೆದೇ ಉತ್ತರ ಕೊಡುತ್ತೇನೆ. ಈ ಮನೆಯಲ್ಲಿ ಮಗ, ಸೊಸೆ ಎದುರಿಗೇ ಇರುತ್ತಾರೆ.

ಮೊದಲು ನಾನು ಕೇಳುವುದಕ್ಕೆ ಉತ್ತರ ಬರೆ. ಆ ಕಲೆ ಬನಿಯನ್ನಿನ ಹೊರಗಡೆ ಇತ್ತೋ, ಒಳಗಡೆ ಮೈಗೆ ತಾಗುವ ಭಾಗದಲ್ಲೋ? ಹೊರಗಿನದಾದರೆ ಅವನಿಗೆ ಪೊರಕೆ ಸೇವೆ ಮಾಡು, ನನ್ನದೇನೂ ತಕರಾರಿಲ್ಲ. ಒಳಗಿನದಾದರೆ ತಕ್ಷಣ ಬರೆ. ಒಂದೇ ಸಲವೋ, ಮತ್ತೆ ಮತ್ತೆಯೋ ನೋಡು. ಎದೆಯ ತೊಟ್ಟು ಒಳಗೆ ಸೇದಿಕೊಂಡ ಹಾಗೆ ಕಾಣುತ್ತದೆಯೇ, ಅದರ ಕೆಳಗೆ ಗಟ್ಟಿ ಏನಾದರೂ ಇದೆಯೇ, ಕಂಕುಳಲ್ಲಿ ಊತ ಇದೆಯೇ? ನಿದ್ದೆಯಲ್ಲಿದ್ದಾಗಲಾದರೂ ನೋಡು.

ಯಾಕೆ ಎಂದು ಈಗ ಕೇಳಬೇಡ. ಅವನ ಫೋನಿನ ತಂಟೆಗೆ ಹೋಗಬೇಡ. ಜಗಳ ಆಡಬೇಡ. ನನ್ನ ತಮ್ಮ ಅಂಥವನಲ್ಲ.

ರವಿಕೆಯ ವಿಷಯ ಈಗ ಬೇಡ.

ಲೋಲಾಕ್ಷಿ


ಹೊಂಗಡಹಳ್ಳ
೬ ಡಿಸೆಂಬರ್ ೨೦೨೪

ಅತ್ತಿಗೆಯವರಿಗೆ,

ಕಲೆ ಒಳಗಡೆಯೇ ಇದೆ. ಎರಡು ಬನಿಯನ್ನುಗಳಲ್ಲಿ ನೋಡಿದೆ. ಸಮಾಧಾನವಾಯಿತೆ?

ನಿಮ್ಮ ಕಾಗದ ಓದಿದ ಮೇಲೆ ನನಗೆ ಇದ್ದ ಅನುಮಾನ ಒಂದಕ್ಕೆ ಎರಡಾಗಿದೆ. ಗಂಡನ ಮೇಲೆ ದೂರು ಹೇಳಿದರೆ ನೀವು ವಕೀಲರ ಹಾಗೆ ಒಳಗೋ ಹೊರಗೋ ಎಂದು ಕೇಳುತ್ತೀರಿ. ಗಂಡಸಿನ ಎದೆ ನೋಡು, ಕಂಕುಳು ಮುಟ್ಟಿ ನೋಡು ಎನ್ನುತ್ತೀರಿ. ಫೋನು ಮುಟ್ಟಬೇಡ ಎನ್ನುತ್ತೀರಿ. ಅಂದರೆ ಅದರಲ್ಲಿ ಏನಿದೆ ಎಂದು ನಿಮಗೆ ಗೊತ್ತು. ಅಕ್ಕ ತಮ್ಮ ಸೇರಿಕೊಂಡು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದೀರಿ.

ನಾನು ಫೋನು ಮುಟ್ಟಿದೆ. ಭಾನುವಾರ ಇವರು ಕಾಫಿ ಕೊಯ್ಲಿನ ಆಳು ಕರೆತರಲು ಮಗ್ಗೆಯ ಕಡೆ ಹೋದವರು ಫೋನು ಮನೆಯಲ್ಲೇ ಮರೆತಿದ್ದರು. ತಿರುವಿಗೆ ನಡೆದುಹೋಗಿ ಆ ನಂಬರಿಗೆ ಫೋನು ಮಾಡಿದೆ. ನಾನು ಉಸಿರೆತ್ತುವ ಮೊದಲೇ ಆ ಹೆಂಗಸು ಶುರು ಮಾಡಿದಳು. “ರವಿಚಂದ್ರ ಅವರೇ, ಎಷ್ಟು ಸಲ ಫೋನ್ ಮಾಡೋದು ನಿಮ್ಗೆ? ಯಾಕೆ ಬರ್ಲಿಲ್ಲ? ಇಷ್ಟು ದೂರ ಬಂದು ಈಗ ಕೈ ಕೊಟ್ರೆ ಹೇಗೆ?” ದನಿಯಲ್ಲಿ ಎಂಥ ಸಲಿಗೆ ಅಂತೀರಿ! ನಾನು ಫೋನು ಕಟ್ ಮಾಡಿ ಆ ನಂಬರನ್ನು ಬ್ಲಾಕ್ ಮಾಡಿದೆ. ಅದು ಹೇಗೆಂದು ದೀಪಶ್ರೀ ಒಮ್ಮೆ ಹೇಳಿಕೊಟ್ಟಿದ್ದಳು. ಹೆಸರನ್ನೂ ಅಳಿಸಿ ಹಾಕಿದೆ.

ಈಗ ಎರಡು ಗುರುವಾರದಿಂದ ಇವರು ಹಾಸನಕ್ಕೆ ಹೋಗಿಲ್ಲ. ಕರೆಯುವವಳ ಬಾಯಿಯನ್ನೂ ಮುಚ್ಚಿದ ಮೇಲೆ ಹೋಗುವವನ ಕಾಲು ಪೂರ್ತಿ ನಿಲ್ಲುತ್ತದೆ ಎಂದುಕೊಂಡೆ. ಊಟ ಕಡಿಮೆ ಮಾಡಿದ್ದಾರೆ. ಮಾಡಲಿ.

ಗಂಗಾಮಣಿ


ಹುಬ್ಬಳ್ಳಿ
೧೧ ಡಿಸೆಂಬರ್ ೨೦೨೪
(ಸ್ಪೀಡ್ ಪೋಸ್ಟ್)

ಗಂಗಾ,

ನಿನ್ನ ಕಾಗದ ಇವತ್ತು ಬಂತು. ಬಂದ ಕೂಡಲೇ ರವಿಗೆ ಫೋನು ಮಾಡಿದೆ. ಅದೃಷ್ಟಕ್ಕೆ ಸಕಲೇಶಪುರದಲ್ಲಿದ್ದ, ಸಿಕ್ಕಿದ. ಎದೆಯಲ್ಲಿ ಏನೋ ಆಗಿದೆಯಲ್ಲ, ಏನದು ಎಂದು ನೇರವಾಗಿ ಕೇಳಿದೆ. “ಏನಿಲ್ಲ ಬಿಡಕ್ಕ, ಶಾಖದ ಗುಳ್ಳೆ” ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ನಿನ್ನ ಫೋನು ಸ್ವಿಚ್ ಆಫ್. ಅದಕ್ಕೇ ಬರೆಯುತ್ತಿದ್ದೇನೆ, ಈ ಕಾಗದ ನಿನ್ನ ಕೈಗೇ ಬರುತ್ತದೆ.

ಆರು ವರ್ಷದ ಹಿಂದೆ ನನಗೆ ಆಪರೇಷನ್ ಆಯಿತಲ್ಲ, ಪಿತ್ತಕೋಶದ ಕಲ್ಲು ಎಂದು ನಿಮಗೆಲ್ಲ ಹೇಳಿದ್ದೆ. ಅದು ಕಲ್ಲಲ್ಲ. ಸ್ತನದ ಕ್ಯಾನ್ಸರ್. ಎಡಗಡೆಯದನ್ನು ಪೂರ್ತಿ ತೆಗೆದರು. ನನಗೂ ಶುರುವಾದದ್ದು ಹೀಗೆಯೇ, ಒಳಉಡುಪಿನ ಮೇಲೆ ಕಾಳಿನಷ್ಟು ಕೆಂಪು ಕಲೆ. ನೋವಿರಲಿಲ್ಲ. ನೋವಿಲ್ಲವಲ್ಲ ಎಂದು ಆರು ತಿಂಗಳು ಸುಮ್ಮನಿದ್ದೆ.

ನಮ್ಮವ್ವ ಕಾಮಾಲೆಯಲ್ಲಿ ಸತ್ತಳು ಎಂದು ನಿನಗೆ ಹೇಳಿದ್ದಾರೆ. ಅವ್ವನದೂ ಇದೇ ಕಾಯಿಲೆ. ಎದೆಯಲ್ಲಿ ಹುಣ್ಣಾಗಿ, ವಾಸನೆ ಬರುವ ತನಕ ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಆಗ ನನಗೆ ಗಂಡು ನೋಡುತ್ತಿದ್ದರು. ಹೊರಗೆ ಗೊತ್ತಾದರೆ ನನ್ನನ್ನು ಯಾರೂ ಒಪ್ಪುವುದಿಲ್ಲ ಎಂದು ಅಪ್ಪ ಕಾಮಾಲೆ ಎಂದರು. ಎಲ್ಲರೂ ಹಾಗೇ ಅಂದೆವು.

ಗಂಡಸರಿಗೆ ಇದು ಬರುವುದಿಲ್ಲ ಎಂದುಕೊಳ್ಳಬೇಡ. ಈ ಕಾಯಿಲೆ ಬಂದ ನೂರು ಜನರಲ್ಲಿ ಒಬ್ಬ ಗಂಡಸಿರುತ್ತಾನೆ ಎಂದು ನನ್ನ ಡಾಕ್ಟರು ಹೇಳಿದ್ದರು. ಮನೆತನದಲ್ಲಿ ಇದ್ದರೆ ಇನ್ನೂ ಹುಷಾರಾಗಿರಬೇಕಂತೆ. ನಾನು ಆಗ ರವಿಯನ್ನು ನೆನೆಯಲೇ ಇಲ್ಲ.

ಆ ನಯನಾ ಯಾರೋ ನನಗೆ ಗೊತ್ತಿಲ್ಲ. ಆದರೆ ಗಂಡಸನ್ನು ಬಯಸಿ ಕರೆಯುವವಳು “ಇಷ್ಟು ದೂರ ಬಂದು ಕೈ ಕೊಡಬೇಡಿ” ಎಂದು ಬೈಯುವುದಿಲ್ಲ. ಹಾಗೆ ಬೈಯುವವರು ಆಸ್ಪತ್ರೆಯವರು. ಬ್ಲಾಕ್ ತೆಗೆ. ಇವತ್ತೇ ತೆಗೆ.

ಲೋಲಾಕ್ಷಿ


ಹೊಂಗಡಹಳ್ಳ
೪ ಜನವರಿ ೨೦೨೫

ಲೋಲಾಕ್ಷಿಯವರಿಗೆ,

ನೀವು ಹೇಳಿದ್ದೇ ನಿಜ.

ನಿಮ್ಮ ಕಾಗದ ಬಂದಾಗ ಇವರು ಕಣದಲ್ಲಿ ಕಾಫಿ ಹರವಿಸುತ್ತಿದ್ದರು. ಹೋಗಿ ಎದುರಿಗೆ ನಿಂತೆ. ಆಳುಗಳು ಊಟಕ್ಕೆ ಹೋಗಿದ್ದರು. ಅಂಗಿ ಬಿಚ್ಚಿ ಎಂದೆ. ಹುಚ್ಚು ಹಿಡಿದಿದೆಯೇನೆ ಎಂದು ಗದರಿದರು. ನಿಮ್ಮ ಅಕ್ಕನಿಗೆ ಆಗಿದ್ದೇನು, ನಿಮ್ಮ ಅವ್ವನಿಗೆ ಆಗಿದ್ದೇನು, ನನಗೆ ಈಗ ಎಲ್ಲ ಗೊತ್ತು ಎಂದೆ. ಆಗ ಕಣದ ಕಟ್ಟೆಯ ಮೇಲೆ ಕೂತು ಗುಂಡಿ ಬಿಚ್ಚಿದರು.

ತೊಟ್ಟು ಹೊಕ್ಕುಳ ಹಾಗೆ ಒಳಗೆ ಹೋಗಿತ್ತು. ಸುತ್ತಲ ಚರ್ಮ ಕಿತ್ತಳೆ ಸಿಪ್ಪೆಯಂತೆ ಒರಟು. ಬೆರಳಿಟ್ಟೆ. ಕೆಳಗೆ ಗೋಲಿಯಂಥದ್ದು, ಅಲ್ಲಾಡಲಿಲ್ಲ. ಎಷ್ಟೋ ಹೆಂಗಸರ ಎದೆ ಅಳತೆ ತೆಗೆದ ಕೈ ನನ್ನದು, ಗಂಡನ ಎದೆ ಯಾವತ್ತೂ ನೋಡಿರಲಿಲ್ಲ ಅನ್ನಿಸಿತು.

ಸೆಪ್ಟೆಂಬರಿನಲ್ಲೇ ತಾವೇ ಹಾಸನಕ್ಕೆ ಹೋಗಿ ತೋರಿಸಿಕೊಂಡಿದ್ದರು. ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ನವೆಂಬರ್ ಕೊನೆಯಲ್ಲಿ ಕ್ಯಾನ್ಸರ್ ಎಂದು ಬಂದ ದಿನದಿಂದ ಆಸ್ಪತ್ರೆಗೆ ಬೆನ್ನು ಹಾಕಿದ್ದರು. ಯಾಕೆ ಎಂದು ಕೇಳಿದೆ.

“ಹೆಂಗಸ್ರ ಕಾಯಿಲೆ ಕಣೆ ಅದು. ಕೂಲಿ ಲೈನಿನ ಆಳುಗಳಿಗೆ ಗೊತ್ತಾದ್ರೆ ರೈಟ್ರಿಗೆ ಮೊಲೆ ಕುಯ್ದವ್ರೆ ಅಂತ ನಗಾಡ್ತಾರೆ. ಮಗಳ ಮದ್ವೆ ಒಂದು ಆಗ್ಬುಡ್ಲಿ ಅಂತ ಇದ್ದೆ.”

ನಾನು ಅಳಲಿಲ್ಲ. ಮದುವೆ ಮನೆಯಲ್ಲಿ ಧಾರೆ ಎರೆಯುವ ಕೈ ಬೇಕಲ್ಲ, ಅದನ್ನು ಯಾರ ಹತ್ತಿರ ಸಾಲ ತರಲಿ ಎಂದೆ.

ಮಾರನೆಯ ದಿನವೇ ಹಾಸನಕ್ಕೆ ಕರೆದುಕೊಂಡು ಹೋದೆ. ನಯನಾ ಎನ್ನುವವರು ಕ್ಯಾನ್ಸರ್ ವಿಭಾಗದ ಸಿಸ್ಟರು. ನನಗಿಂತ ದೊಡ್ಡವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಇವರನ್ನು ನೋಡಿದ್ದೇ “ಅಂತೂ ಬಂದ್ರಾ” ಎಂದರು, ಅಷ್ಟೆ. ನಡುವೆ ಫೋನು ಯಾಕೆ ಹೋಗಲಿಲ್ಲವೋ ಎಂದು ಅವರು ಗೊಣಗಿದಾಗ ನಾನು ಗೋಡೆಯ ಮೇಲಿನ ಪಟ ನೋಡುತ್ತಿದ್ದೆ. ಇವರಿಗೂ ಆ ವಿಷಯ ಹೇಳಿಲ್ಲ. ನೀವೂ ಹೇಳಬೇಡಿ.

ಡಾಕ್ಟರು ನಿಮ್ಮ ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ನನ್ನ ಬಾಯಿಂದ ಅಭ್ಯಾಸಬಲದಿಂದ “ಇಲ್ಲ, ಅತ್ತೆಗೆ ಕಾಮಾಲೆ” ಎಂದು ಬಂತು ನೋಡಿ. ಇವರೇ ತಲೆ ತಗ್ಗಿಸಿ, “ಸುಳ್ಳು ಸಾರ್. ನಮ್ಮವ್ವಂಗೂ ಇದೇ ಆಗಿತ್ತು. ನಮ್ಮಕ್ಕಂಗೂ ಐತೆ” ಎಂದರು. ಅಂದರೆ ನಿಮ್ಮದು ಇವರಿಗೂ ಗೊತ್ತಿತ್ತು. ನಿಮ್ಮ ಯಜಮಾನರು ಆಗಲೇ ಹೇಳಿದ್ದರಂತೆ. ಮನೆಗೆಲ್ಲ ಗೊತ್ತು. ಗೊತ್ತಿಲ್ಲದವಳು ನಾನೊಬ್ಬಳೆ. ಹೊರಗಿನವಳು.

ತಿಂಗಳ ಕೊನೆಯಲ್ಲಿ ಆಪರೇಷನ್.

ಗಂಗಾಮಣಿ


ಹುಬ್ಬಳ್ಳಿ
೧೨ ಜನವರಿ ೨೦೨೫

ಗಂಗಾ,

ಬೈದಿದ್ದೀಯ, ಸರಿಯಾಗಿದೆ. ನನ್ನ ಗಂಡ ಅವನಿಗೆ ಹೇಳಿದ್ದು ನನಗೂ ತಿಳಿದಿರಲಿಲ್ಲ. ನನ್ನಿಂದ ಮುಚ್ಚಿಟ್ಟು ಅವರಿಬ್ಬರು, ನಿನ್ನಿಂದ ಮುಚ್ಚಿಟ್ಟು ನಾನು. ಒಂದೇ ಕಾಯಿಲೆಯನ್ನು ಎಲ್ಲರೂ ಬೇರೆ ಬೇರೆ ಬಾಗಿಲು ಹಾಕಿಕೊಂಡು ಕಾದಿದ್ದೇವೆ.

ನಿನ್ನ ಹೊಲಿಗೆ ಬೇಡವೆಂದದ್ದು ಯಾಕೆ ಎಂದು ಈಗ ನಿನಗೆ ತಿಳಿದಿರಬೇಕು. ಅಳತೆ ಕೊಟ್ಟರೆ ಒಂದೇ ಗಳಿಗೆಯಲ್ಲಿ ನೀನು ಕಂಡುಹಿಡಿಯುತ್ತಿದ್ದೆ. ಇಲ್ಲಿ ರೆಡಿಮೇಡ್ ತಂದು ಒಳಗೆ ಬಟ್ಟೆಯ ಉಂಡೆ ಇಟ್ಟುಕೊಳ್ಳುತ್ತೇನೆ. ನೀನು ಮುನಿಸಿಕೊಂಡಿದ್ದೀಯ ಎಂದು ಗೊತ್ತಿತ್ತು. ಮುನಿಸೇ ವಾಸಿ, ವಿಚಾರಿಸಲು ಬರುವುದಿಲ್ಲ ಎಂದು ಸುಮ್ಮನಾದೆ.

ಆಪರೇಷನ್ನಿಗೆ ಹೆದರಬೇಡ. ಮುಗಿದ ಮೇಲೆ ಎಡಗೈ ಮೇಲೆತ್ತಲು ಕಷ್ಟ, ಗೋಡೆಗೆ ಬೆರಳಿಟ್ಟು ಸ್ವಲ್ಪ ಸ್ವಲ್ಪವೇ ಹತ್ತಿಸಬೇಕು. ಅವನು ಸೋಮಾರಿತನ ಮಾಡುತ್ತಾನೆ, ಬಿಡಬೇಡ. ಆ ಕೈಗೆ ಗಾಯವಾಗದಂತೆ ನೋಡಿಕೊಳ್ಳಲಿ.

ಇನ್ನು ನಿನ್ನ ವಿಷಯ. ನಿನ್ನದು ಬೇರೆ ರಕ್ತ, ನನಗೆ ಬರುವುದಿಲ್ಲ ಎಂದು ಕೂರಬೇಡ. ನನ್ನ ಜೊತೆ ವಾರ್ಡಿನಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಮನೆತನದಲ್ಲಿ ಯಾರಿಗೂ ಇರಲಿಲ್ಲ. ವಯಸ್ಸಾಗುವುದೇ ಒಂದು ಕಾರಣವಂತೆ. ಮುಟ್ಟು ಬೇಗ ಶುರುವಾಗಿ ತಡವಾಗಿ ನಿಂತವರಿಗೆ, ಮಕ್ಕಳಾಗದವರಿಗೆ, ಮುಟ್ಟು ನಿಂತ ಮೇಲೆ ಮೈ ತುಂಬಾ ಬಂದವರಿಗೆ, ಕುಡಿಯುವವರಿಗೆ ಸ್ವಲ್ಪ ಹೆಚ್ಚು. ಹಾಗೆಂದು ಇದ್ಯಾವುದೂ ಇಲ್ಲದವರಿಗೂ ಬಂದಿತ್ತು. ಪೆಟ್ಟು ಬಿದ್ದರೆ ಬರುತ್ತದೆ, ಬಿಗಿಯಾದ ರವಿಕೆಯಿಂದ ಬರುತ್ತದೆ ಎಂದು ನಿನ್ನ ಗಿರಾಕಿಗಳು ಹೇಳಿದರೆ ನಂಬಬೇಡ, ನಾನು ಡಾಕ್ಟರನ್ನು ಕೇಳಿಯೇ ಇದ್ದೇನೆ. ಮುಟ್ಟು ಮುಗಿದ ವಾರ ಕನ್ನಡಿಯ ಮುಂದೆ ಕೈ ಎತ್ತಿ ನೋಡಿಕೋ, ಕಂಕುಳ ತನಕ ಬೆರಳಾಡಿಸು. ನಿನ್ನ ಮೈ ಯಾವಾಗಲೂ ಹೇಗಿರುತ್ತದೆ ಎಂದು ನಿನಗೇ ಗೊತ್ತಿರಬೇಕು, ಬದಲಾದರೆ ತಿಳಿಯುವುದು ಆಗಲೇ. ಕೈಗೆ ಸಿಗದ್ದೂ ಇರುತ್ತದೆ. ನಿನಗೆ ನಲವತ್ತು ದಾಟಿದೆ, ರವಿಯ ಜೊತೆ ಹಾಸನದಲ್ಲೇ ಇರುತ್ತೀಯಲ್ಲ, ಮ್ಯಾಮೊಗ್ರಾಂ ಮಾಡಿಸಿಕೋ.

ದೀಪಶ್ರೀಗೆ ಹೇಳಿದ್ದೀಯಾ?

ಲೋಲಾಕ್ಷಿ


ಹೊಂಗಡಹಳ್ಳ
೨೪ ಫೆಬ್ರವರಿ ೨೦೨೫

ಅತ್ತಿಗೆಯವರಿಗೆ,

ಆಪರೇಷನ್ ಆಯಿತು. ಕಂಕುಳ ಗಂಟಿನಲ್ಲೂ ಸ್ವಲ್ಪ ಇತ್ತಂತೆ, ಅದಕ್ಕೆ ಕೀಮೋ ಶುರು ಮಾಡಿದ್ದಾರೆ. ಕೂದಲು ಉದುರುತ್ತಿದೆ. ಎಸ್ಟೇಟಿನಲ್ಲಿ ನಂಜು ಏರಿ ಆಪರೇಷನ್ ಎಂದು ಹೇಳಿದ್ದೇವೆ. ನನ್ನದೂ ಮ್ಯಾಮೊಗ್ರಾಂ ಆಯಿತು, ಏನೂ ಇಲ್ಲ.

ಇವರ ರಕ್ತ ಪರೀಕ್ಷೆ ಮಾಡಿಸಿದ್ದರು. ಹುಟ್ಟಿನಿಂದ ಬರುವ ದೋಷ ಇದೆ ಎಂದು ಬಂತು. ಅವ್ವನಿಂದ ಬಂದಿರಬೇಕು, ಗಂಡುಮಕ್ಕಳಿಗೂ ಬರುತ್ತದೆ, ಅವರಿಂದ ಅವರ ಮಕ್ಕಳಿಗೂ ಹೋಗಬಹುದು ಎಂದರು. ದೀಪಶ್ರೀಗೆ ಇರಬಹುದು, ಇಲ್ಲದಿರಬಹುದು, ಅರ್ಧಕ್ಕೆ ಅರ್ಧ. ಇದ್ದರೂ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ, ಬೇಗ ಬೇಗ ತಪಾಸಣೆ ಮಾಡಿಸಿಕೊಳ್ಳುತ್ತಾ ಇದ್ದರೆ ಮೊದಲೇ ಹಿಡಿಯಬಹುದು ಎಂದು ನಯನಾ ಸಿಸ್ಟರು ನಿಧಾನವಾಗಿ ತಿಳಿಸಿ ಹೇಳಿದರು. ದೀಪಶ್ರೀ ಪಕ್ಕದಲ್ಲೇ ಇದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಈಗ ನಾನು ನಿಮ್ಮನ್ನು ಒಂದು ಕೇಳಬೇಕು. ಮದುವೆ ಮುಗಿಯುವ ತನಕ ಇದು ಎಲ್ಲೂ ಬಾಯಿ ಬಿಡಬಾರದು. ನಿಮಗೇ ಹಾಗೆ ಮಾಡಿ ಮದುವೆ ಮಾಡಿದರಲ್ಲ, ನನ್ನ ಮಗಳಿಗೆ ಒಂದು ಸಲ ಮಾಡಿದರೆ ಏನು ತಪ್ಪು?

ಇದನ್ನು ಕೇಳಲು ಕಾರಣವಿದೆ. ಮೊನ್ನೆ ತಿರುವಿಗೆ ಹೋದಾಗ ನಟರಾಜಣ್ಣ ಫೋನು ಮಾಡಿ, “ಯಾವ ಆಸ್ಪತ್ರೆ, ಯಾವ ಡಾಕ್ಟ್ರು, ಏನಂತೆ ಕಾಯಿಲೆ?” ಎಂದು ಬಿಡಿಸಿ ಬಿಡಿಸಿ ಕೇಳಿದರು. ನಂಜು ಎಂದರೆ “ಹಂಗಾ” ಎಂದರು. ಆ ‘ಹಂಗಾ’ ನನಗೆ ಸರಿ ಕಾಣಲಿಲ್ಲ. ಎಸ್ಟೇಟಿನಲ್ಲಿ ಯಾರಿಗೂ ಗೊತ್ತಿಲ್ಲ. ಕುಂದೂರಿನಲ್ಲಿ ನಿಮ್ಮ ಗಂಡನ ಕಡೆ ನೆಂಟರಿದ್ದಾರೆ. ಬೇರೆ ದಾರಿ ನನಗೆ ಹೊಳೆಯುತ್ತಿಲ್ಲ. ನೀವೇ ಹೇಳಿದಿರಾ? ಪಾಪ ಕಳೆದುಕೊಳ್ಳಲು ನನ್ನ ಮಗಳ ಮದುವೆಯೇ ಬೇಕಾಗಿತ್ತೇ?

ಗಂಗಾಮಣಿ


ಹುಬ್ಬಳ್ಳಿ
೩ ಮಾರ್ಚ್ ೨೦೨೫

ಗಂಗಾ,

ನಾನು ಕುಂದೂರಿಗೆ ಹೇಳಿಲ್ಲ. ನಂಬುವುದು ಬಿಡುವುದು ನಿನ್ನಿಷ್ಟ.

ಆದರೆ ನೀನು ಕೇಳಿದ್ದನ್ನು ನಾನು ಮಾಡುವುದಿಲ್ಲ. ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಸುಳ್ಳು ಹೇಳಿಯೇ ಮದುವೆಗೆ ಬರಬೇಕೆಂದರೆ ಬರುವುದಿಲ್ಲ.

ಹಾಗೆ ಮಾಡಿ ನನ್ನ ಮದುವೆ ಮಾಡಿದರು ಎಂದೆ. ಹೌದು. ಆಮೇಲೆ ಏನಾಯಿತು ಕೇಳು. ಐವತ್ತಕ್ಕೆ ನನಗೆ ಕಲೆ ಕಾಣಿಸಿದಾಗ ಅವ್ವನ ಕಾಯಿಲೆ ಇತ್ತು ಎಂದು ಗಂಡನಿಗೆ ಹೇಳಲಾರದೆ ಆರು ತಿಂಗಳು ಕೂತೆ. ಡಾಕ್ಟರು ಕೇಳಿದಾಗಲೂ ಕಾಮಾಲೆ ಎಂದೆ. ಅದರಿಂದ ನನಗೆ ರಕ್ತದ ಪರೀಕ್ಷೆಯನ್ನೇ ಮಾಡಿಸಲಿಲ್ಲ, ತಮ್ಮನನ್ನು ನೋಡಿಕೊಳ್ಳಿ ಎಂದು ಗಟ್ಟಿಯಾಗಿ ಯಾರೂ ಹೇಳಲಿಲ್ಲ. ಅಪ್ಪ ನನಗೆ ಗಂಡು ಹುಡುಕಲು ಹೇಳಿದ ಸುಳ್ಳು ರವಿಯ ಎದೆಯ ತನಕ ಬಂದಿದೆ.

ನಿನ್ನ ಕಾಗದ ಬಂದ ದಿನ ಮಗನನ್ನೂ ಸೊಸೆಯನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಸೊಸೆ ಎದ್ದು ಒಳಗೆ ಹೋದಳು. ಸಿಟ್ಟು ಮಾಡಿಕೊಂಡಳು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಂದು, “ಇಷ್ಟು ದಿನಾ ನೀವು ನನ್ನ ಜೊತೆ ಒಂದೇ ರೂಮಿನ್ಯಾಗ ಸೀರಿ ಉಡಲಿಲ್ಲ. ನನ್ನ ಕಂಡ್ರ ಆಗಂಗಿಲ್ಲ ಅಂತ ತಿಳಕೊಂಡಿದ್ದೆ ಅತ್ತೀ” ಎಂದಳು. ನೀನೊಬ್ಬಳೇ ಅಲ್ಲ ನೋಡು, ಅವಳಿಗೂ ಹಾಗೇ ಅನ್ನಿಸಿತ್ತು. ಮುಂದಿನ ವಾರ ಮಗನ ಜೊತೆ ನಾನೂ ಆ ಪರೀಕ್ಷೆಗೆ ರಕ್ತ ಕೊಟ್ಟು ಬರುತ್ತೇನೆ.

ಮಗಳನ್ನು ಕೇಳು. ನನ್ನನ್ನಲ್ಲ.

ಲೋಲಾಕ್ಷಿ


ಹೊಂಗಡಹಳ್ಳ
೧೯ ಮೇ ೨೦೨೫

ಅತ್ತಿಗೆ,

ಮದುವೆಯ ದಿನ ಕಳೆದು ಎರಡು ವಾರವಾಯಿತು. ಮದುವೆ ಆಗಲಿಲ್ಲ ಎಂದು ಇವರು ಫೋನಿನಲ್ಲಿ ಹೇಳಿದ್ದಾರೆ. ಉಳಿದದ್ದನ್ನು ನಾನು ಬರೆಯುತ್ತೇನೆ. ಇಷ್ಟು ದಿನ ಬರೆಯಲು ಮುಖವಿರಲಿಲ್ಲ.

ಕುಂದೂರಿಗೆ ಹೇಳಿದವಳು ದೀಪಶ್ರೀ. ಆಸ್ಪತ್ರೆಯಿಂದ ಬಂದ ವಾರವೇ ಅಭಿಲಾಷನಿಗೆ ಎಲ್ಲ ಹೇಳಿದ್ದಳಂತೆ. ನಾಳೆ ಗೊತ್ತಾದ ಮೇಲೆ ಹುಡುಗಿ ಮೋಸ ಮಾಡಿದಳು ಅನ್ನಿಸಿಕೊಳ್ಳಲು ನನಗಿಷ್ಟವಿಲ್ಲ ಎಂದಳು. ಹುಡುಗ “ಪರವಾಗಿಲ್ಲ” ಎಂದನಂತೆ. ಆಮೇಲೆ ಮನೆಯಲ್ಲಿ ಹೇಳಿದ. ಯುಗಾದಿ ಕಳೆದ ಮೇಲೆ ನಟರಾಜಣ್ಣ ಮೂವರನ್ನು ಕರೆದುಕೊಂಡು ಬಂದು, ನಮ್ಮ ಕಡೆ ಹಿರಿಯರು ಒಪ್ಪುತ್ತಿಲ್ಲ ಎಂದು ಎಲೆ ಅಡಿಕೆ ಹಿಂದಕ್ಕೆ ಕೊಟ್ಟರು. ಅಭಿಲಾಷ್ ಬರಲಿಲ್ಲ. ಫೋನೂ ಮಾಡಲಿಲ್ಲ.

ನಿಮ್ಮನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಕೇಳಬೇಕು. ಕೇಳುತ್ತಿದ್ದೇನೆ.

ಅವತ್ತು ಅವರೆಲ್ಲ ಕಾರಿನ ಕಡೆ ಹೋದಾಗ ಹುಡುಗನ ತಾಯಿ ಸುಮಿತ್ರಮ್ಮ ಹಿಂದುಳಿದರು. ಹಿತ್ತಲಿನಲ್ಲಿ ಕರಿಬೇವು ಇದೆಯೇ ಎಂದರು. ಎಲೆ ಅಡಿಕೆ ಹಿಂದಕ್ಕೆ ಕೊಟ್ಟ ಬಾಯಿಯಲ್ಲಿ ಕರಿಬೇವು ಕೇಳುತ್ತಾರಲ್ಲ, ಇವರಿಗೆ ಇನ್ನೇನು ತಿಳಿಯಬೇಕಾಗಿದೆ ಎಂದು ಹುಷಾರಾದೆ. ಗಿಡದ ಹತ್ತಿರ ನಿಂತು ಇವರ ಕಾಯಿಲೆ ವಿಚಾರಿಸಿದರು. ಮೊದಲು ಹೇಗೆ ಗೊತ್ತಾಯಿತು, ನೋವಿತ್ತೇ, ಗಂಟು ಜರುಗುತ್ತಿತ್ತೇ ಎಂದರು. ಊರಿಗೆಲ್ಲ ಸಾರಲು ಕೇಳುತ್ತಿದ್ದಾರೆ ಎಂದು ನಾನು ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟೆ. ಕೊನೆಗೆ ಅವರು ಹೊರಗೆ ಕಾರಿನ ಕಡೆ ಒಮ್ಮೆ ನೋಡಿ,

“ನಂಗೂ ಒಂದೈತೆ ಕಣ್ರೀ. ಸಂಕ್ರಾಂತಿಯಿಂದ. ನೋವಿಲ್ಲ. ನೋವಿಲ್ದಿದ್ರೆ ಒಳ್ಳೇದಲ್ವಾ?” ಎಂದರು.

ನನಗೆ ಏನನ್ನಿಸಿತು ಎಂದು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಮೊದಲ ಗಳಿಗೆಯಲ್ಲಿ ಸಂತೋಷವಾಯಿತು. ನಮ್ಮ ಮನೆಯದೆಂದು ಮುಖ ತಿರುಗಿಸಿದಿರಲ್ಲ, ಅನುಭವಿಸಿ ಎಂದು. ಆಮೇಲೆ ಅವರ ಕೈ ನೋಡಿದೆ. ಕರಿಬೇವಿನ ಕಡ್ಡಿಯನ್ನು ಎಲೆಯೆಲ್ಲ ಉದುರಿಹೋಗುವಷ್ಟು ಉಜ್ಜುತ್ತಿದ್ದರು. ನೋವಿಲ್ಲದ್ದನ್ನೇ ಬೇಗ ತೋರಿಸಬೇಕು, ಹಾಗೆಂದು ಎಲ್ಲ ಗಂಟೂ ಕೆಟ್ಟದ್ದಾಗಿರುವುದಿಲ್ಲ, ಹೆಚ್ಚಿನವು ಏನೂ ಅಲ್ಲ ಎಂದೆ. ಗುರುವಾರ ಇವರ ಕೀಮೋಗೆ ಹೋಗುತ್ತೇವೆ, ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿರಿ ಎಂದೆ.

ಬಂದರು. ಮನೆಯಲ್ಲಿ ಸಂತೆಗೆ ಎಂದು ಹೇಳಿ ಬಂದಿದ್ದರು. ನಯನಾ ಸಿಸ್ಟರು ಅವತ್ತೇ ಸ್ಕ್ಯಾನ್ ಮಾಡಿಸಿ ಸೂಜಿ ಪರೀಕ್ಷೆಗೂ ಕಳಿಸಿದರು. ನಾನಂತೂ ನೀರುಗುಳ್ಳೆ ಎಂದು ಬರಲಿ ಎಂದು ಬೇಡಿಕೊಂಡೆ. ಬರಲಿಲ್ಲ. ಅದೇ ಎಂದು ಬಂತು. ಆದರೆ ಚಿಕ್ಕದು, ಕಂಕುಳಿಗೆ ಹೋಗಿಲ್ಲ, ಎದೆ ಪೂರ್ತಿ ತೆಗೆಯದೆ ಗಂಟು ಮಾತ್ರ ತೆಗೆದು ರೇಡಿಯೇಷನ್ ಕರೆಂಟ್ ಕೊಡಬಹುದು ಎಂದರು. ಅವರ ಮನೆತನದಲ್ಲಿ ಯಾರಿಗೂ ಇಲ್ಲವಂತೆ. ಮೂರು ತಲೆಮಾರು ಬಿಡಿಸಿ ಬಿಡಿಸಿ ಕೇಳಿದರು.

ರಿಪೋರ್ಟು ಬಂದ ದಿನ ಬಸ್ಸಿನಲ್ಲಿ ಸುಮಿತ್ರಮ್ಮ ನನ್ನ ಕೈ ಹಿಡಿದುಕೊಂಡು, ಮನೆಯವರಿಗೆ ಗರ್ಭಕೋಶದ ಆಪರೇಷನ್ ಎಂದು ಹೇಳುತ್ತೇನೆ, ನೀವೂ ಹಾಗೇ ಹೇಳಿ ಎಂದರು. ನಾನು ಆಗುವುದಿಲ್ಲ ಎಂದೆ. ಯಾರ ಮಾತು ನನ್ನ ಬಾಯಲ್ಲಿ ಬಂತು ಎಂದು ನಿಮಗೆ ಗೊತ್ತು. ನೀವು ಹೇಳಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದೆ.

ಕುಂದೂರಿಗೆ ಹೋದೆ. ಎಲೆ ಅಡಿಕೆ ಹಿಂದಕ್ಕೆ ಕೊಟ್ಟವರ ಮನೆಯ ಮೆಟ್ಟಿಲನ್ನೇ ಹತ್ತಿದೆ. ನಟರಾಜಣ್ಣ ನನ್ನನ್ನು ಕಂಡು ಮದುವೆ ಮಾತಿಗೇ ಬಂದಿದ್ದೇನೆ ಎಂದುಕೊಂಡು ಮುಖ ಬಿಗಿದರು. ಸುಮಿತ್ರಮ್ಮ ನಿಂತೇ ಹೇಳಿದರು, ಕೂರಲಿಲ್ಲ. ಕಾಯಿಲೆಯ ಹೆಸರನ್ನೇ ಹೇಳಿದರು. ನಟರಾಜಣ್ಣ ಕೇಳಿದ್ದು ಒಂದೇ, “ಹಾಸನಕ್ಕೆ ಯಾರ ಜೊತೆ ಹೋಗಿದ್ದೆ?” ಸುಮಿತ್ರಮ್ಮ ನನ್ನ ಕಡೆ ತೋರಿಸಿದರು. ಅಭಿಲಾಷ್ ಬಾಗಿಲ ಹತ್ತಿರ ನಿಂತಿದ್ದ, ನನಗೆ ಕೂರಲು ಕುರ್ಚಿ ತಂದು ಹಾಕಿದ.

ಈ ತಿಂಗಳ ಹತ್ತಕ್ಕೆ ಅವರ ಆಪರೇಷನ್ ಆಯಿತು. ಇವರೂ ನಾನೂ ಹೋಗಿ ಬಂದೆವು. ಇವರ ಕೀಮೋ ಮುಗಿದಿದೆ, ಇನ್ನು ಮಾತ್ರೆ, ಕೆಲವು ವರ್ಷ. ತಲೆಯಲ್ಲಿ ಕೂದಲು ಚಿಗುರುತ್ತಿದೆ. ಎಸ್ಟೇಟಿನಲ್ಲಿ ಏನಾಗಿತ್ತು ಎಂದು ಕೇಳಿದವರಿಗೆ ಇವರೇ ಹೇಳಿಬಿಟ್ಟಿದ್ದಾರೆ. ಒಂದಿಬ್ಬರು ನಕ್ಕರಂತೆ. ಚೌಡಮ್ಮ ಎನ್ನುವ ಕೆಲಸದವಳು ತನ್ನ ಗಂಡನನ್ನು ಕರೆತಂದು ಇವನ ಎದೆಯಲ್ಲೂ ಏನೋ ಇದೆ, ನೋಡಿ ರೈಟ್ರೇ ಎಂದಳಂತೆ. ಅದು ಬರೀ ಕೊಬ್ಬಿನ ಗಡ್ಡೆ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ನಿನ್ನೆ ತಿರುವಿಗೆ ಹೋದಾಗ ನಟರಾಜಣ್ಣ ಫೋನು ಮಾಡಿದ್ದರು. ಹಿರಿಯರೆಲ್ಲ ಒಪ್ಪಿದ್ದಾರೆ, ಶ್ರಾವಣದಲ್ಲಿ ಮದುವೆ ಇಟ್ಟುಕೊಳ್ಳೋಣ ಎಂದರು. ನನಗೆ ಕಣ್ಣು ತುಂಬಿ ಬಂತು. ಓಡಿ ಬಂದು ದೀಪಶ್ರೀಗೆ ಹೇಳಿದೆ. ಅವಳು ತಾನು ಕಲಿಸುವ ಶಾಲೆಗೆ ಪಾಠದ ಟಿಪ್ಪಣಿ ಬರೆಯುತ್ತಿದ್ದಳು, ಪೆನ್ನು ಕೆಳಗಿಟ್ಟಳು.

“ನಮ್ಮನೇಲಿ ಕಾಯಿಲೆ ಐತೆ ಅಂತ ಬೇಡ ಅಂದ್ರು. ಈಗ ಅವ್ರ ಮನೇಲೂ ಐತೆ ಅಂತ ಬೇಕು ಅಂತಾವ್ರೆ. ಎರಡು ಕಾರಣಾನೂ ನಂಗೆ ಹಿಡಿಸ್ಲಿಲ್ಲ ಕಣಮ್ಮ.”

ಹಾಗಾದರೆ ಅವರಿಗೆ ಏನು ಹೇಳಲಿ ಎಂದೆ. ನೀನೇನೂ ಹೇಳಬೇಡ, ನಾನೇ ಅಭಿಲಾಷನ ಹತ್ತಿರ ಮಾತಾಡುತ್ತೇನೆ ಎಂದಳು. ಅದಕ್ಕೂ ಮೊದಲು ಬರುವ ಸೋಮವಾರ ಹಾಸನಕ್ಕೆ ಹೋಗಿ ಆ ಪರೀಕ್ಷೆಗೆ ರಕ್ತ ಕೊಟ್ಟು ಬರುವುದಿದೆಯಂತೆ. ಜೊತೆಗೆ ಬರಲೇ ಎಂದು ಕೇಳಿದೆ. “ಬಾ, ಆದ್ರೆ ದಾರೀಲಿ ಮದುವೆ ಮಾತಾಡ್ಬೇಡ” ಎಂದಳು.

ಒಪ್ಪಿಕೊಂಡಿದ್ದೇನೆ.

ನಿಮ್ಮ
ಗಂಗಾ